ಬದುಕು ಆಟವಾದರೆ ಯಾವ ಆಟ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನಿನಲ್ಲಿ ನನಗೆ ಕೊಟ್ಟ ವಿಷಯ ‘ಬದುಕೇ ಒಂದು ಆಟ’. ಹತ್ತು ನಿಮಿಷ ಮಾತಾಡು, ಮಕ್ಕಳಿಗೆ ಹುರುಪು ಬರುವ ಹಾಗೆ ಹೇಳು ಎಂದರು. ನಾನು ಕೆಲಸ ಮಾಡುವ ಬೆಂಗಳೂರಿನ ಕಂಪನಿಗಳಲ್ಲಿ ಈ ಮಾತು ಹೇಳಲೆಂದೇ ದುಡ್ಡು ಕೊಟ್ಟು ಜನರನ್ನು ಕರೆಸುತ್ತಾರೆ. ಅವರು ಬಂದು, ಕಷ್ಟ ಬಂದರೆ ಹೆದರಬೇಡಿ, ಅದು ಆಟದ ಮುಂದಿನ ಹಂತ ಎಂದುಕೊಳ್ಳಿ ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಮತ್ತೆ ಕಂಪ್ಯೂಟರಿನ ಮುಂದೆ ಹೋಗಿ ಕೂಡುತ್ತೇವೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಾಗದ್ದನ್ನು ನಮ್ಮ ಶಾಲೆಯಲ್ಲಿ ನಿಂತು ಹೇಳಲು ಮನಸ್ಸು ಬರಲಿಲ್ಲ. ಅದಕ್ಕೆ ವಿಷಯವನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಗುರುಗಳು ಕ್ಷಮಿಸಬೇಕು.

ಉಳ್ಳಾಗಡ್ಡಿ ಕಿತ್ತು ಹೊಲದಲ್ಲಿ ಹಾಕಿದಾಗ ಮಳೆ ಹಿಡಿದು, ಅದು ಅಲ್ಲೇ ಕೊಳೆತು ನಾರುವ ಹೊತ್ತಿಗೆ, ಆ ರೈತನ ಎದುರು ನಿಂತು ‘ಯಪ್ಪಾ, ಬದುಕು ಒಂದು ಆಟ’ ಎಂದು ನೋಡಿ. ಬಾರುಕೋಲು ತಗೊಳ್ಳುತ್ತಾನೆ. ತಗೊಳ್ಳಬೇಕು ಕೂಡ. ಆಟ ಎಂದರೇನು ಎಂದು ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರದ ಮೇಷ್ಟ್ರು 1978ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅವರು ಹೇಳುವುದರ ತಿರುಳು ಇಷ್ಟು: ಬೇಕಿಲ್ಲದ ಅಡ್ಡಿಯನ್ನು ನಾವಾಗಿಯೇ ಮೈಮೇಲೆ ಹಾಕಿಕೊಂಡು ಅದನ್ನು ದಾಟುವುದೇ ಆಟ. ನಮ್ಮ ಚಿಣಿಪಣಿಯನ್ನೇ ತಗೊಳ್ಳಿ. ಚಿಣಿ ದೂರ ಹೋಗಬೇಕು ಅಷ್ಟೇ ಆದರೆ ಕೈಯಲ್ಲಿ ಹಿಡಿದುಕೊಂಡು ನಡೆದು ಹೋಗಿ ಇಟ್ಟು ಬರಬಹುದು. ಹಾಗೆ ಮಾಡುವುದಿಲ್ಲ. ಕೋಲಿನಿಂದ ಚಿಮ್ಮಿಸಿ, ಗಾಳಿಯಲ್ಲಿದ್ದಾಗಲೇ ಹೊಡೆಯಬೇಕು ಎಂದು ನಾವೇ ಕಟ್ಟು ಹಾಕಿಕೊಂಡಿದ್ದೇವೆ. ಆ ಕಟ್ಟಿನಲ್ಲೇ ಮಜಾ. ಬೇಸರ ಬಂದರೆ ಚಿಣಿ ಕಿಸೆಗೆ ಹಾಕಿಕೊಂಡು ಮನೆಗೆ ಹೋಗಬಹುದು. ಬರಗಾಲವನ್ನು ಯಾರೂ ತಾವಾಗಿ ಹಾಕಿಕೊಂಡವರಲ್ಲ. ಸಾಲವನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋಗಲು ಬರುವುದಿಲ್ಲ, ಅದು ನಮಗಿಂತ ಮುಂಚೆ ಮನೆ ಮುಟ್ಟಿರುತ್ತದೆ.

ಆದ್ದರಿಂದ ಬದುಕು ಆಟವೇ ಎಂದು ನಾನು ಹೇಳುವುದಿಲ್ಲ. ಆಟದಿಂದ ಬದುಕಿಗೆ ತರಬಹುದಾದ ಒಂದು ಸಂಗತಿ ಇದೆ. ಅದನ್ನು ಹೇಳುವ ಮುಂಚೆ, ತರಬಾರದ ಆಟದ ಬಗ್ಗೆ ಎರಡು ಮಾತು.

ನಮ್ಮ ಜಿಲ್ಲೆಗೆ ಆಟದ ಕೇಡು ಯಾರೂ ಕಲಿಸಬೇಕಿಲ್ಲ. ರೋಣ ಎಂಬ ಹೆಸರೇ ದ್ರೋಣಪುರದಿಂದ ಬಂದದ್ದು ಎನ್ನುತ್ತಾರೆ. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದ. ಅದರ ಸಭಾಪರ್ವದಲ್ಲಿ ದ್ಯೂತ ಬರುತ್ತದೆ. ಆ ಆಟವನ್ನು ಸ್ವಲ್ಪ ಎಂಜಿನಿಯರನ ಕಣ್ಣಿನಿಂದ ನೋಡಿ. ಸಭೆ ದುರ್ಯೋಧನನದು, ಹಾಸಿದ ಪಟ ಅವನದು, ದಾಳ ಶಕುನಿಯದು. ಪಣ ಇಡುವವ ಒಬ್ಬ, ಎಸೆಯುವವ ಇನ್ನೊಬ್ಬ. ಧರ್ಮರಾಯ ಸತ್ಯವಂತ, ಆದರೆ ಆ ಆಟದಲ್ಲಿ ಅವನದು ಎಂದು ಇದ್ದದ್ದು ಕಳೆದುಕೊಳ್ಳುವ ವಸ್ತು ಮಾತ್ರ. ಒಮ್ಮೆ ಎಲ್ಲವೂ ಮರಳಿ ಸಿಕ್ಕು ಇಂದ್ರಪ್ರಸ್ಥದ ದಾರಿ ಹಿಡಿದವನನ್ನು ಮತ್ತೆ ಕರೆದರು. ಮತ್ತೆ ಬಂದು ಕುಳಿತ.

ಈಗ ನಿಮ್ಮ ಮನೆಯ ಮೊಬೈಲು ನೆನಪಿಸಿಕೊಳ್ಳಿ. ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಬಣ್ಣದ ಚಕ್ರ. ಪಟ ಅವರದು, ದಾಳ ಅವರದು, ಕರೆಯುವ ಗಂಟೆಯೂ ಅವರದೇ. ನಾಲ್ಕು ದಿನ ಆಡದಿದ್ದರೆ ‘ನಿಮ್ಮ ಖಾತೆಗೆ ಐವತ್ತು ರೂಪಾಯಿ ಹಾಕಿದ್ದೇವೆ’ ಎಂದು ಸಂದೇಶ ಬರುತ್ತದೆ. ನಾನು ಸಾಫ್ಟ್‌ವೇರ್ ಬರೆಯುವವನು. ಅಂಥ ಸಂದೇಶ ಯಾರಿಗೆ, ಯಾವಾಗ ಹೋಗಬೇಕು ಎಂಬುದನ್ನು ಮನುಷ್ಯ ಕುಳಿತು ಕಳಿಸುವುದಿಲ್ಲ, ಪ್ರೋಗ್ರಾಮ್ ಕಳಿಸುತ್ತದೆ. ನೀವು ಮರಳಿ ಬರುವ ಹೊತ್ತು ಯಾವುದೆಂದು ನೋಡಿ ಬರೆದ ಪ್ರೋಗ್ರಾಮ್ ಅದು.

ಲೆಕ್ಕ ಹೇಳುತ್ತೇನೆ, ಹತ್ತನೇ ತರಗತಿಯವರು ಬಾಯಲ್ಲೇ ಮಾಡಿ. ಆಟ ನಡೆಸುವವ ಪ್ರತಿ ಪಂದ್ಯದ ಒಟ್ಟು ಹಣದಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತಾನೆ. ನೂರಕ್ಕೆ ಹತ್ತು ಎಂದುಕೊಳ್ಳೋಣ. ಇಬ್ಬರು ನೂರು ನೂರು ಇಟ್ಟರೆ ಇನ್ನೂರು. ಅದರಲ್ಲಿ ಇಪ್ಪತ್ತು ಅವನಿಗೆ, ಗೆದ್ದವನಿಗೆ ನೂರಾ ಎಂಬತ್ತು. ಅಂದರೆ ಗೆದ್ದರೆ ಲಾಭ ಎಂಬತ್ತು, ಸೋತರೆ ನಷ್ಟ ನೂರು. ಹತ್ತು ಪಂದ್ಯದಲ್ಲಿ ಐದು ಗೆದ್ದು ಐದು ಸೋತರೆ? ಗೆದ್ದದ್ದು ನಾನೂರು, ಸೋತದ್ದು ಐನೂರು. ಸಮಸಮ ಆಡಿದವನೂ ನೂರು ರೂಪಾಯಿ ಕಳೆದುಕೊಂಡ. ಎದುರಿನವನೂ ಐದು ಗೆದ್ದು ಐದು ಸೋತ, ಅವನದೂ ನೂರು ಹೋಯಿತು. ಇಬ್ಬರ ಇನ್ನೂರು ಎಲ್ಲಿದೆ ಎಂದು ಕೇಳಬೇಡಿ. 2025ರ ಆಗಸ್ಟ್‌ನಲ್ಲಿ ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾಯ್ದೆ ಮಾಡಿತು. ಅಷ್ಟರೊಳಗೆ ನನ್ನ ಜೊತೆ ಇದೇ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಗೆಳೆಯ ಹೆಸರು ಮಾರಿದ ರೊಕ್ಕ, ಅದರ ಹಿಂದೆ ಒಂದು ಜೋಡಿ ಎತ್ತು ಕಳೆದುಕೊಂಡಿದ್ದ. ಎತ್ತಿಲ್ಲದ ಗೋದಲಿ ಮುಂದೆ ಅವನ ತಾಯಿ ಕುಳಿತಿದ್ದನ್ನು ನಾನು ನೋಡಿದ್ದೇನೆ. ಆಟ ಎಂಬ ಹೆಸರು ಹಾಕಿಕೊಂಡು ಬಂದದ್ದೆಲ್ಲ ಆಟವಲ್ಲ.

ಒಕ್ಕಲುತನವನ್ನೂ ಮಳೆಯ ಜೊತೆ ಜೂಜು ಎಂದು ಪತ್ರಿಕೆಯವರು ಬರೆಯುತ್ತಾರೆ. ಇದನ್ನೂ ನಾನು ಒಪ್ಪುವುದಿಲ್ಲ. ಜೂಜುಕೋರ ಇದ್ದದ್ದನ್ನೆಲ್ಲ ಒಂದೇ ಗರದ ಮೇಲೆ ಇಡುತ್ತಾನೆ. ನಮ್ಮ ಎರೆ ಹೊಲದ ಒಕ್ಕಲಿಗ ಹಾಗೆ ಮಾಡಿದವನೇ ಅಲ್ಲ. ಮುಂಗಾರಿ ಹದ ಸಿಕ್ಕರೆ ಹೆಸರು. ಎರಡೂವರೆ ತಿಂಗಳೊಳಗೆ ಕೈಗೆ ಬರುತ್ತದೆ, ಭೂಮಿಗೂ ಸತ್ವ ಬಿಟ್ಟು ಹೋಗುತ್ತದೆ. ಅದು ಕೈಕೊಟ್ಟರೆ ಹರಗಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಜೋಳದ ನಡುವೆ ಕುಸುಬಿಯ ಅಕ್ಕಡಿ ಸಾಲು. ಕುಸುಬಿಯ ಬೇರು ಆಳಕ್ಕೆ ಇಳಿಯುತ್ತದೆ. ಮೇಲಿನ ಹಸಿ ಆರಿ ಜೋಳ ಸೊರಗಿದರೂ ಅದು ಕೆಳಗಿನ ಹಸಿ ಹುಡುಕಿಕೊಂಡು ನಿಲ್ಲುತ್ತದೆ. ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬ ಈ ಉಪಾಯವನ್ನು ನಮ್ಮ ಕಡೆ ಅಕ್ಷರ ಬಾರದ ಅಜ್ಜಂದಿರು ಮಾಡುತ್ತಿದ್ದರು. ನಾನು ಬಿ.ಇ. ಓದುವಾಗ ಇದನ್ನೇ ಬೇರೆ ಹೆಸರಿನಲ್ಲಿ, ಒಂದು ಸರ್ವರ್ ಬಿದ್ದರೆ ಇನ್ನೊಂದು ಹೊರಬೇಕು ಎಂದು, ಪಾಠವಾಗಿ ಓದಿದೆ. ಅಂಕ ತಪ್ಪಬಾರದೆಂದು ಬಾಯಿಪಾಠವನ್ನೂ ಮಾಡಿದೆ.

ಇಲ್ಲಿ ಇನ್ನೊಂದು ಮಾತು. ಚೆನ್ನಾಗಿ ಆಡು, ಗೆಲ್ಲುತ್ತೀ ಎಂದು ಹೇಳುವವರು ನಿಯಮ ಬರೆದವರಾರು ಎಂದು ಕೇಳುವುದನ್ನು ಬಿಟ್ಟುಬಿಡುತ್ತಾರೆ. ನರಗುಂದ, ನವಲಗುಂದದ ರೈತರು ಕೇಳಿದ್ದರು. ಮಲಪ್ರಭಾ ಅಚ್ಚುಕಟ್ಟಿನ ಹೊಲಗಳಿಗೆ ನೀರು ಸರಿಯಾಗಿ ಮುಟ್ಟದೆ ಅಭಿವೃದ್ಧಿ ಕರ ಕಟ್ಟಿ ಎಂದರೆ ಹೇಗೆ ಎಂದು 1980ರಲ್ಲಿ ಎದ್ದು ನಿಂತರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಜೀವ ಕೊಟ್ಟರು. ಪ್ರತಿ ವರ್ಷ ಆ ದಿನ ನರಗುಂದದ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. ಅವರು ಕೆಟ್ಟ ಆಟಗಾರರಾಗಿರಲಿಲ್ಲ. ನಿಯಮ ಬದಲಾಗಬೇಕು ಎಂದವರು.

ನಿಯಮದ ಮಾತು ಬಂತಲ್ಲ, ಈಗ ನಮ್ಮ ಕಬಡ್ಡಿಗೆ ಬರುತ್ತೇನೆ. ನಾನು ಹೇಳಬೇಕೆಂದದ್ದು ಇಲ್ಲೇ ಇದೆ.

ಪಂಚಮಿ ಹಬ್ಬಕ್ಕೆ ನಮ್ಮ ಊರುಗಳಲ್ಲಿ ಜೋಕಾಲಿ, ನಿಂಬೆಹಣ್ಣು ಒಗೆಯುವ ಪಂಥ, ಗುಂಡು ಎತ್ತುವುದು, ಕೊಬ್ಬರಿ ಬಟ್ಟಲಿನ ಬುಗುರಿ ಎಲ್ಲ ಇರುತ್ತಿತ್ತು. ಆದರೆ ಊರಿಗೆ ಊರೇ ನಿಂತು ನೋಡುತ್ತಿದ್ದುದು ಕಬಡ್ಡಿಯನ್ನು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ ಅದಕ್ಕೆ ಪದಕದ ಮಾನ ಬಂದಿದೆ, ಈಗ ಟಿ.ವಿ.ಯಲ್ಲಿ ಬಣ್ಣಬಣ್ಣದ ಮ್ಯಾಟಿನ ಮೇಲೆ ಆಡುತ್ತಾರೆ. ಟಿ.ವಿ.ಯಲ್ಲಿ ನೋಡುವ ಮಕ್ಕಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಈ ಆಟದಲ್ಲಿ ಮೂರು ಹಳೆಯ ಬಗೆಗಳಿದ್ದವು: ಅಮರ, ಗಾಮಿನಿ, ಸಂಜೀವನಿ.

ಅಮರದಲ್ಲಿ ಔಟಾದವ ಹೊರಗೆ ಹೋಗುವುದೇ ಇಲ್ಲ. ಎದುರಿನವರಿಗೆ ಒಂದು ಅಂಕ ಸಿಗುತ್ತದೆ, ಇವನು ಅಲ್ಲೇ ನಿಂತು ಆಡುತ್ತಲೇ ಇರುತ್ತಾನೆ. ಗಾಮಿನಿಯಲ್ಲಿ ಔಟಾದರೆ ಔಟು. ಗೆರೆಯ ಹೊರಗೆ ಹೋಗಿ ಕೂಡಬೇಕು. ತನ್ನ ತಂಡದ ಕೊನೆಯವನೂ ಔಟಾಗುವವರೆಗೆ ಒಳಗೆ ಬರುವ ಹಾಗಿಲ್ಲ. ಸಂಜೀವನಿಯಲ್ಲಿ ಔಟಾದವ ಹೊರಗೆ ಹೋಗುತ್ತಾನೆ. ಆದರೆ ತನ್ನ ತಂಡದವ ಎದುರಿನ ಒಬ್ಬನನ್ನು ಔಟು ಮಾಡಿದ ಕೂಡಲೇ ಇವನು ಎದ್ದು ಒಳಗೆ ಬರುತ್ತಾನೆ. ಮೊದಲು ಹೋದವ ಮೊದಲು ಬರಬೇಕು, ಸರದಿ ತಪ್ಪುವಂತಿಲ್ಲ. ಇವತ್ತು ಎಲ್ಲ ಕಡೆ ಆಡುತ್ತಿರುವುದು ಈ ಸಂಜೀವನಿ ಬಗೆಯನ್ನೇ. ಏಳೂ ಜನ ಔಟಾದರೆ ಎದುರಿನವರಿಗೆ ಲೋನಾ ಎಂದು ಎರಡು ಅಂಕ ಹೆಚ್ಚು ಸಿಗುತ್ತದೆ, ಸೋತ ಏಳೂ ಜನ ಮತ್ತೆ ಒಳಗೆ ಬಂದು ಆಟ ಮುಂದುವರಿಸುತ್ತಾರೆ. ಪೂರ್ತಿ ಮುಳುಗಿದ ತಂಡಕ್ಕೆ ಪೂರ್ತಿ ಬಲ ಮರಳಿ ಕೊಡುವ ಆಟ ಇನ್ನೊಂದು ನನಗೆ ಗೊತ್ತಿಲ್ಲ.

ಮೊಬೈಲಿನ ವಿಡಿಯೋ ಗೇಮುಗಳೆಲ್ಲ ಅಮರ ಬಗೆಯವು. ಸತ್ತರೆ ಮೂರು ಎಣಿಸುವಷ್ಟರಲ್ಲಿ ಎದ್ದು ನಿಲ್ಲುತ್ತೀರಿ. ಆಡಿ, ಬೇಡವೆನ್ನುವುದಿಲ್ಲ, ನಾನೂ ಆಡುತ್ತೇನೆ. ಬದುಕು ಹಾಗಿಲ್ಲ ಎಂಬುದು ಮಾತ್ರ ತಿಳಿದಿರಲಿ. ಸೋತಾಗ ಹೊರಗೆ ಹೋಗಿ ಕೂಡುವುದು ನಿಜವಾದದ್ದೇ. ಆ ಹೊತ್ತು ಮೈ ಉರಿಯುತ್ತದೆ. ಗೆರೆಯ ಹೊರಗೆ ಕೂತವನಿಗೆ ಒಳಗಿನ ಆಟ ತನ್ನನ್ನು ಮರೆತೇಬಿಟ್ಟಿದೆ ಅನ್ನಿಸುತ್ತದೆ.

ನಮ್ಮ ಮನೆಗಳು, ನಮ್ಮ ಊರು ಯಾವ ಬಗೆ ಆಡುತ್ತಿವೆ? ಪಾಲಕರು ಸಿಟ್ಟಾಗಬಾರದು. ಎಸ್.ಎಸ್.ಎಲ್.ಸಿ.ಯಲ್ಲಿ ಹುಡುಗ ಫೇಲಾದರೆ ‘ಇರ್ಲಿ ಬಿಡು, ಮತ್ತೊಮ್ಮೆ ಕಟ್ಟು’ ಎನ್ನುತ್ತೇವೆ. ಹುಡುಗಿ ಫೇಲಾದರೆ ಅದೇ ವಾರ ‘ಸಾಕು ಬಿಡವ್ವಾ ಕಲ್ತದ್ದು’ ಎಂದು ಗಂಡಿನ ಕಡೆಯವರಿಗೆ ಹೇಳಿ ಕಳಿಸುತ್ತೇವೆ. ಒಂದೇ ಮನೆ, ಒಂದೇ ಅಂಗಳ. ಹುಡುಗನಿಗೆ ಸಂಜೀವನಿ, ಹುಡುಗಿಗೆ ಗಾಮಿನಿ. ನನ್ನ ತರಗತಿಯಲ್ಲಿ ನನಗಿಂತ ಗಣಿತ ಚೆನ್ನಾಗಿ ಬರುತ್ತಿದ್ದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ನಾಲ್ಕು ಅಂಕಕ್ಕೆ ಉಳಿದಳು. ನಾಲ್ಕೇ ಅಂಕ. ಪೂರಕ ಪರೀಕ್ಷೆಗೆ ಶುಲ್ಕ ತುಂಬುವ ಕೊನೆಯ ದಿನದ ಹೊತ್ತಿಗೆ ಅವಳ ನಿಶ್ಚಯವಾಗಿತ್ತು. ಹದಿನೆಂಟು ತುಂಬದೆ ಮದುವೆ ಮಾಡಬಾರದೆಂಬ ಕಾಯ್ದೆ ಆಗಲೂ ಇತ್ತು, ಈಗಲೂ ಇದೆ. ಕಾಯ್ದೆ ಪುಸ್ತಕದಲ್ಲಿರುತ್ತದೆ, ನಿಶ್ಚಯದ ಅಡಿಕೆ ಎಲೆ ಮನೆಯಲ್ಲಿರುತ್ತದೆ. ಅವಳ ಮಗಳು ಈಗ ಒಂಬತ್ತನೇ ತರಗತಿ. ಮಗಳ ಗಣಿತದ ಲೆಕ್ಕ ಇವತ್ತಿಗೂ ತಾಯಿಯೇ ಬಿಡಿಸಿಕೊಡುತ್ತಾಳೆ.

ಅದೇ ವರ್ಷ ಗಣಿತದಲ್ಲೇ ಫೇಲಾದ ಹುಡುಗನೊಬ್ಬನಿದ್ದ. ಹೆಸರು ಹೇಳಬೇಡ ಎಂದಿದ್ದಾನೆ, ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ. ಫಲಿತಾಂಶ ಬಂದ ದಿನ ಅವನು ಮನೆಗೆ ಹೋಗಲಿಲ್ಲ. ಕತ್ತಲಾಗುವವರೆಗೆ ಕೆರೆ ದಂಡೆಯ ಮೇಲೆ ಕುಳಿತಿದ್ದ. ನಮ್ಮ ಗಣಿತದ ಗುರುಗಳು ಸೈಕಲ್ ತಗೊಂಡು ಹುಡುಕಿಕೊಂಡು ಹೋದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ‘ನಾಳೆ ಸಂಜಿಗೆ ಹನುಮಪ್ಪನ ಗುಡಿ ಕಟ್ಟಿಗೆ ಬಾ. ಲಸಾಅದಿಂದ ಶುರು ಮಾಡೂನು’ ಎಂದು ಹೇಳಿ ಅವನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಮನೆಗೆ ಬಿಟ್ಟರು. ಪಾಸಾದ ನಮ್ಮಲ್ಲಿ ಮೂವರಿಗೆ, ‘ನೀವೂ ಬರ್ರಿ, ಇವಗ ಒಬ್ಬೊಬ್ಬರು ಒಂದೊಂದು ಪಾಠ ಹೇಳ್ರಿ’ ಎಂದರು. ಹೋದೆವು. ಹೇಳಿಕೊಡಲು ಹೋಗಿ ನಮಗೇ ಎಷ್ಟು ಬರುತ್ತಿರಲಿಲ್ಲ ಎಂಬುದು ಗೊತ್ತಾಯಿತು, ಅದು ಬೇರೆ ಮಾತು. ಅವನು ಪೂರಕ ಪರೀಕ್ಷೆಯಲ್ಲಿ ಪಾಸಾದ, ಐ.ಟಿ.ಐ. ಮಾಡಿದ. ಇವತ್ತು ಈ ಸುತ್ತಿನ ಹತ್ತಾರು ಹಳ್ಳಿಗಳ ಬೋರ್‌ವೆಲ್ ಮೋಟರ್ ಸುಟ್ಟರೆ ಅವನ ಅಂಗಡಿಗೇ ಬರುತ್ತವೆ. ಈ ಪೆಂಡಾಲಿನ ಮೈಕಿಗೆ ಬೆಳಿಗ್ಗೆ ಕರೆಂಟು ಹೋದಾಗ ಜನರೇಟರ್ ಎಬ್ಬಿಸಿದವನೂ ಅವನೇ.

ಕಬಡ್ಡಿಯಲ್ಲಿ ಹೊರಗೆ ಕೂತವನು ತಾನಾಗಿ ಎದ್ದು ಬರಲು ಆಗುವುದಿಲ್ಲ. ಅವನು ಎಷ್ಟೇ ಬಲಶಾಲಿಯಾಗಿರಲಿ, ಒಳಗಿದ್ದವನೊಬ್ಬ ಉಸಿರು ಕಟ್ಟಿ, ಮೂವತ್ತು ಸೆಕೆಂಡಿನೊಳಗೆ ಎದುರಿನ ಅಂಗಳಕ್ಕೆ ಹೋಗಿ ಯಾರನ್ನಾದರೂ ಮುಟ್ಟಿ ಬರಬೇಕು. ಇಲ್ಲವೇ ಒಳಗಿದ್ದವರು ಕೂಡಿ ಬಂದವನನ್ನು ಹಿಡಿಯಬೇಕು. ಆಗ ಇವನ ಸರದಿ. ಬಂಗಾರದಂಥ ಇನ್ನೊಂದು ನಿಯಮ ಇದೆ. ಬೋನಸ್ ಗೆರೆ ದಾಟಿ ಬಂದರೆ ಅಂಕ ಸಿಗುತ್ತದೆ, ಆದರೆ ಆ ಅಂಕಕ್ಕೆ ಹೊರಗಿದ್ದ ಯಾರೂ ಒಳಗೆ ಬರುವುದಿಲ್ಲ. ನಾನು ಎಂಬತ್ತೈದು ತೆಗೆದೆ, ತೊಂಬತ್ತು ತೆಗೆದೆ, ಬೆಂಗಳೂರಿಗೆ ಹೋದೆ ಎಂಬುದೆಲ್ಲ ಬೋನಸ್ ಅಂಕ. ಬೇಕು, ಫಲಕದ ಮೇಲೆ ಚೆಂದ ಕಾಣುತ್ತದೆ. ಹೊರಗೆ ಕೂತವರು ಕೂತೇ ಇರುತ್ತಾರೆ.

ಹುಡುಗರೇ, ನಿಮಗೆ ನಮಗಿದ್ದುದಕ್ಕಿಂತ ನಿಯಮ ಒಳ್ಳೆಯದಾಗಿದೆ. 2023-24ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶ ಬಂದವು. ಎಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮೊಬೈಲಿನಲ್ಲಿ ಕೆಂಪು ಅಕ್ಷರ ಕಂಡರೆ ಕೆರೆ ದಂಡೆಗೆ ಹೋಗಿ ಒಬ್ಬರೇ ಕೂಡಬೇಡಿ. ಶಾಲೆಗೆ ಬನ್ನಿ. ಅಂದು ಶಾಲೆಯ ಗೇಟು ತೆರೆದಿರುತ್ತದೆ ಎಂದು ಮುಖ್ಯೋಪಾಧ್ಯಾಯರು ಈಗಷ್ಟೇ ನನಗೆ ಮಾತು ಕೊಟ್ಟಿದ್ದಾರೆ, ನಾಲ್ಕು ಜನರೆದುರು ಹೇಳಿಬಿಟ್ಟೆ, ಇನ್ನು ಅವರು ತಪ್ಪಿಸಿಕೊಳ್ಳುವಂತಿಲ್ಲ.

ಸುನೀಲ ಜೋಶಿಯವರ ಹೆಸರು ಹೇಳದೆ ಗದಗ ಜಿಲ್ಲೆಯಲ್ಲಿ ಆಟದ ಮಾತು ಮುಗಿಸುವಂತಿಲ್ಲ. ಹುಡುಗನಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಗಂಟೆಯ ಹೊತ್ತಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಎಲ್ಲರೂ ಐದು ವಿಕೆಟ್ ನೆನಪಿಡುತ್ತಾರೆ. ನನಗೆ ಆ ಆರು ಮೇಡನ್ ಓವರುಗಳು ಹೆಚ್ಚು. ಮೂವತ್ತಾರು ಎಸೆತ, ಒಂದೂ ರನ್ ಇಲ್ಲ. ಅಂಥ ಓವರುಗಳಿಗೆ ಯಾರೂ ಕುಣಿಯುವುದಿಲ್ಲ. ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ತಾಯಂದಿರ ದಿನಗಳೂ ಹಾಗೇ ಇರುತ್ತವೆ. ಒಂದೊಂದೇ ಎಳೆ, ದಿನವಿಡೀ. ಅವರ ಮಕ್ಕಳೂ ಇಲ್ಲಿ ಕುಳಿತಿದ್ದಾರೆ.

ನನಗೆ ಕೊಟ್ಟ ಹತ್ತು ನಿಮಿಷ ಎಂದೋ ಮುಗಿದಿದೆ, ಅಲ್ಲಿ ಗುರುಗಳು ಗಡಿಯಾರ ತೋರಿಸುತ್ತಿದ್ದಾರೆ. ಕೊನೆಗೆ ಒಂದು ಕೆಲಸದ ಮಾತು. ನಮ್ಮ ಬ್ಯಾಚಿನ ಹನ್ನೊಂದು ಜನ ನಿನ್ನೆ ರಾತ್ರಿ ಕುಳಿತು ಮಾತಾಡಿದ್ದೇವೆ. ಪರೀಕ್ಷೆ-1ರ ಫಲಿತಾಂಶ ಬಂದ ದಿನವೇ ಉಳಿದವರ ಪಟ್ಟಿಯನ್ನು ಶಾಲೆಯವರು ನಮಗೆ ಕೊಡುತ್ತಾರೆ. ಪರೀಕ್ಷೆ-2ಕ್ಕೆ ಏನು ಖರ್ಚು ಬಂದರೂ ನಮ್ಮದು. ಸಂಜೆ ಆರರಿಂದ ಎಂಟರವರೆಗೆ ಪಾಠ, ಊರಿನಲ್ಲೇ ಇರುವ ನಾಲ್ವರು ನಡೆಸುತ್ತಾರೆ. ನಾನು ಮತ್ತು ಇನ್ನಿಬ್ಬರು ಬೆಂಗಳೂರಿನಿಂದ ವಿಡಿಯೋದಲ್ಲಿ ಬರುತ್ತೇವೆ. ಹೆಣ್ಣುಮಕ್ಕಳನ್ನು ಮನೆಗೆ ಮುಟ್ಟಿಸಲು ಟಂಟಂ ಗಾಡಿ ಗೊತ್ತು ಮಾಡಿದ್ದೇವೆ, ಕತ್ತಲಾಗುತ್ತದೆ ಎಂಬ ಕಾರಣ ಯಾರೂ ಹೇಳುವುದು ಬೇಡ. ಪಟ್ಟಿಯಲ್ಲಿ ಮಗಳ ಹೆಸರಿದ್ದ ಮನೆಗೆ ಮೊದಲು ಹೋಗುವವರು ನಾನು ಈಗ ಹೇಳಿದ ಆ ಇಂಗ್ಲಿಷಿನಲ್ಲಿ ನಾಲ್ಕು ಅಂಕ ಉಳಿದಿದ್ದ ಗೆಳತಿ. ಈ ಕೆಲಸ ತನಗೇ ಇರಲಿ ಎಂದು ಅವಳೇ ಕೇಳಿ ತಗೊಂಡಳು. ಇಪ್ಪತ್ತು ವರ್ಷದ ಮೇಲೆ ಅವಳೂ ಈ ಸಲ ಖಾಸಗಿಯಾಗಿ ಇಂಗ್ಲಿಷ್ ಕಟ್ಟುವ ವಿಚಾರ ಮಾಡಿದ್ದಾಳೆ. ಮಗಳು ಹೇಳಿಕೊಡುತ್ತಾಳಂತೆ.

ಸಂಜೆ ನಾಲ್ಕಕ್ಕೆ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಹತ್ತನೇ ತರಗತಿಯವರಿಗೂ ಕಬಡ್ಡಿ ಇದೆ. ಸುಣ್ಣದ ಗೆರೆ ಹಾಕಿ ಆಗಿದೆ. ನಮ್ಮ ಕಡೆ ಆರೇ ಜನ ಆಗಿದ್ದೇವೆ, ಇನ್ನೊಬ್ಬರು ಬೇಕು. ಸೊಂಟ ನೋವು ಎನ್ನದವರು ಊಟವಾದ ಮೇಲೆ ಹೆಸರು ಕೊಡಿರಿ.